ಕತ್ತಿ ಬೀಸಿ ಭುಜ ಗುಣಪಡಿಸಿಕೊಂಡದ್ದು

ಮನುಷ್ಯನ ಬಲಗೈ ಎಷ್ಟು ಎತ್ತರಕ್ಕೆ ಏಳಬೇಕು ಎಂಬ ಪ್ರಶ್ನೆ ನಲವತ್ತೈದು ದಾಟುವವರೆಗೆ ನನಗೆ ಎದುರಾಗಿರಲಿಲ್ಲ. ಅದು ತಾನಾಗಿಯೇ ಏಳುತ್ತಿತ್ತು. ತಲೆ ಬಾಚುತ್ತಿತ್ತು, ಬಸ್ಸಿನಲ್ಲಿ ಕಂಬಿ ಹಿಡಿಯುತ್ತಿತ್ತು, ಸಾಲ ಕೇಳದ ಪರಿಚಯಸ್ಥರು ಕಂಡರೆ ದೂರದಿಂದಲೇ ನಮಸ್ಕಾರ ಹೇಳುತ್ತಿತ್ತು. ಒಂದು ಬೆಳಿಗ್ಗೆ ಅಂಗಿ ಹಾಕಿಕೊಳ್ಳಲು ಹೋದೆ. ಕೈ ಭುಜದ ಮಟ್ಟಕ್ಕೆ ಬಂದು ನಿಂತುಕೊಂಡಿತು. ಇನ್ನು ಮೇಲಕ್ಕೆ ಬರುವುದಿಲ್ಲ ಎಂದಿತು!

ನಾನು ಹೆಸರಘಟ್ಟ ರಸ್ತೆಯಲ್ಲಿ ಟೈಲ್ಸ್ ಅಂಗಡಿ ಇಟ್ಟಿರುವವನು. ಮನೆ ಶೆಟ್ಟಿಹಳ್ಳಿ. ನಾಗಸಂದ್ರದ ಕಡೆ ಮೆಟ್ರೋ ಕಂಬಗಳು ಏಳುತ್ತಿದ್ದ ಕಾಲವದು. ನಮ್ಮ ಬೀದಿಯಲ್ಲೂ ಒಂದು ಮಹಡಿಯ ಮನೆಗಳು ಮೂರು ಮಹಡಿ ಆಗುತ್ತಿದ್ದವು. ಊರಿಗೆ ಊರೇ ಮೇಲೇಳುತ್ತಿತ್ತು, ನನ್ನ ಕೈಯೊಂದನ್ನು ಬಿಟ್ಟು.

ಜಾಲಹಳ್ಳಿ ಕ್ರಾಸಿನ ಹತ್ತಿರ ಫಿಸಿಯೋಥೆರಪಿ ಮಾಡುವ ಡಾಕ್ಟರಮ್ಮ ಒಬ್ಬರಿದ್ದರು. ವಯಸ್ಸಿನಲ್ಲಿ ಚಿಕ್ಕವರು, ಮಾತಿನಲ್ಲಿ ಹೆಡ್‌ಮಿಸ್ಸು. ನನ್ನ ಕೈ ಹಿಡಿದು ಹಿಂದಕ್ಕೆ ತಿರುಗಿಸಿದರು. ನಾನು ಕೂಗಿದೆ. ಅವರು ತೃಪ್ತಿಯಿಂದ ತಲೆಯಾಡಿಸಿದರು.

“ಫ್ರೋಜನ್ ಶೋಲ್ಡರ್ ಸಾರ್. ಭುಜ ಬಿಗಿದುಕೊಂಡಿದೆ. ಗಾಬರಿ ಏನಿಲ್ಲ. ಆದ್ರೆ ದಿನಾ ಎಕ್ಸರ್‌ಸೈಜ್ ಮಾಡ್ಲೇಬೇಕು. ಗೋಡೆ ಮುಂದೆ ನಿಂತ್ಕೊಂಡು ಬೆರಳುಗಳನ್ನ ಇರುವೆ ಹತ್ತೋ ಥರ ನಿಧಾನಕ್ಕೆ ಮೇಲಕ್ಕೆ ಹತ್ತಿಸಿ. ನೋವಾಗತ್ತೆ. ಆದ್ರೂ ಹತ್ತಿಸಿ.”

ಮನೆಗೆ ಬಂದು ಗೋಡೆಯ ಮುಂದೆ ನಿಂತೆ. ಬೆರಳು ಹತ್ತಿಸಿದೆ. ನೋವಾಯಿತು. ಇಳಿಸಿದೆ. ಇಷ್ಟು ವರ್ಷ ಜನರ ಗೋಡೆಗಳಿಗೆ ಟೈಲ್ಸ್ ಮಾರಿದವನು ಕೊನೆಗೆ ತನ್ನ ಮನೆಯ ಗೋಡೆಗೆ ಮುಖ ಮಾಡಿ ಬೆರಳು ಆಡಿಸುತ್ತಾ ನಿಲ್ಲುವುದೆಂದರೇನು? ಅಷ್ಟರಲ್ಲಿ ಅಡುಗೆಮನೆಯಿಂದ ಇಣುಕಿದ ನನ್ನ ಹೆಂಡತಿ ವರಲಕ್ಷ್ಮಿ, “ರೀ, ಗೋಡೇಲಿ ಏನ್ ಹುಡುಕ್ತಿದೀರ?” ಎಂದಳು. ಆ ಚಿಕಿತ್ಸೆಗೆ ಅಂದೇ ಎಳ್ಳುನೀರು ಬಿಟ್ಟೆ.

ಹೀಗಿರುವಾಗ ಮಾಕಳಿಯಿಂದ ನನ್ನ ಅಕ್ಕ ಜಯಕ್ಕ ಬಂದಳು. ಅವಳ ಮಗಳು ಮಮತಳಿಗೆ ಗಂಡು ಗೊತ್ತಾಗಿತ್ತು. ಯಲಹಂಕದಲ್ಲಿ ಛತ್ರ, ಶ್ರಾವಣದಲ್ಲಿ ಮದುವೆ. ಜಯಕ್ಕ ಕಾಫಿ ಲೋಟ ಕೆಳಗಿಟ್ಟು ವಿಷಯಕ್ಕೆ ಬಂದಳು.

“ಅಂತರಪಟ ಇಡಿಯೋನು ನೀನೇ ಕಣೋ ಮುನಿ. ಸೋದರಮಾವ ಅಂತ ಇರೋನು ನೀನೊಬ್ನೇ.”

ಮುಹೂರ್ತದ ಗಳಿಗೆ ಬರುವವರೆಗೆ ಹೆಣ್ಣು ಗಂಡು ಒಬ್ಬರ ಮುಖ ಒಬ್ಬರು ನೋಡಬಾರದೆಂದು ನಡುವೆ ಅಡ್ಡ ಹಿಡಿಯುವ ಬಟ್ಟೆಯೇ ಅಂತರಪಟ. ನಮ್ಮಲ್ಲಿ ಅದರ ಒಂದು ತುದಿ ಹೆಣ್ಣಿನ ಸೋದರಮಾವನ ಕೈಯಲ್ಲಿ, ಇನ್ನೊಂದು ತುದಿ ಗಂಡಿನ ಸೋದರಮಾವನ ಕೈಯಲ್ಲಿ. ಎರಡೂ ಕಡೆಯವರು ತಲೆಯ ಮಟ್ಟಕ್ಕೆ ಎತ್ತಿ ಹಿಡಿಯಬೇಕು. ನನ್ನ ಕೈ ಎಲ್ಲಿಯವರೆಗೆ ಏಳುತ್ತಿತ್ತು ಎಂಬುದನ್ನು ಆಗಲೇ ಹೇಳಿದ್ದೇನೆ.

“ಕೈ ನೋವು ಅಂತಿದ್ಯಲ್ಲ, ಆಗಾಕಿಲ್ಲ ಅಂದ್ರೆ ಈಗ್ಲೇ ತಿಳಿಸ್ಬಿಡು. ಚಿಕ್ಕಪ್ಪನ ಮಗ ಸೀನನ್ನ ನಿಲ್ಲಿಸ್ತೀನಿ” ಎಂದಳು ಜಯಕ್ಕ.

ಸೀನ! ನೆಂಟರ ಪೈಕಿ ಯಾರ ಮನೆಯ ಮದುವೆಯ ಆಲ್ಬಮ್ ತೆಗೆದರೂ ನಟ್ಟನಡುವೆ ಹಲ್ಲು ಬಿಟ್ಟುಕೊಂಡು ನಿಂತಿರುವ ಮನುಷ್ಯ. ನನ್ನ ಸೋದರಸೊಸೆಯ ಮದುವೆಯಲ್ಲಿ ನನ್ನ ಜಾಗದಲ್ಲಿ ಅವನೇ? “ಶ್ರಾವಣಕ್ಕೆ ಇನ್ನೂ ಎಷ್ಟೋ ತಿಂಗಳಿದೆ ಅಕ್ಕ. ಅಷ್ಟರಲ್ಲಿ ಕೈ ಆಕಾಶಕ್ಕೆ ಮುಟ್ಟತ್ತೆ” ಎಂದೆ.

ವರಲಕ್ಷ್ಮಿ ನನ್ನ ಮುಖ ನೋಡಿದಳು. ಆಮೇಲೆ ನನ್ನ ಬಲಗೈ ನೋಡಿದಳು. ಆಗಲೇ ನಾನು ಎಚ್ಚೆತ್ತುಕೊಳ್ಳಬೇಕಾಗಿತ್ತು.

ಮುಂದಿನ ಭಾನುವಾರ ಆರ್.ಟಿ. ನಗರದಿಂದ ವರಲಕ್ಷ್ಮಿಯ ತಮ್ಮ ಕಿಶೋರ ಬಂದ. ಹೊಸ ಹೊಸ ಯಂತ್ರ ಕೊಳ್ಳುವುದು ಅವನ ಹವ್ಯಾಸ, ಹಳೆಯದನ್ನು ನಮ್ಮ ಮನೆಗೆ ಸಾಗಿಸುವುದು ಅವನ ಔದಾರ್ಯ. ಈ ಸಲ ತಂದದ್ದು ಟಿವಿಗೆ ಜೋಡಿಸುವ ಒಂದು ಬಿಳಿ ಪೆಟ್ಟಿಗೆ, ಕೈಯಲ್ಲಿ ಹಿಡಿಯುವ ಒಂದು ರಿಮೋಟು, ಮತ್ತು ಒಂದು ಸಾಹಸದ ಗೇಮಿನ ಡಿಸ್ಕು.

“ಭಾವ, ಇದು ಬಟನ್ ಒತ್ಕೊಂಡು ಕೂರೋ ಗೇಮ್ ಅಲ್ಲ. ನೀವು ಕೈ ಬೀಸಿದ್ರೆ ಟಿವಿಯಲ್ಲಿರೋನು ಕತ್ತಿ ಬೀಸ್ತಾನೆ. ಮೇಲಿಂದ ಕೆಳಕ್ಕೆ ಬೀಸಿದ್ರೆ ಮೇಲಿಂದ ಕೆಳಕ್ಕೆ, ಅಡ್ಡ ಬೀಸಿದ್ರೆ ಅಡ್ಡ. ಅರ್ಧ ಗಂಟೆ ಆಡಿದ್ರೆ ಬೆವರು ಕಿತ್ಕೊಂಡ್ ಬರತ್ತೆ. ನಿಮ್ ಕೈಗೆ ಇದೇ ಮದ್ದು!”

ಈ ಮಾತು ನನ್ನ ಬುದ್ಧಿಗೆ ಹಿಡಿಸಿತು. ಗೋಡೆಗೆ ಇರುವೆ ಹತ್ತಿಸುವುದೆಲ್ಲಿ, ಕತ್ತಿ ಬೀಸುವುದೆಲ್ಲಿ! ಗುಣವಾಗುವುದೇ ಆದರೆ ಮರ್ಯಾದೆಯಿಂದ ಗುಣವಾಗೋಣ ಎಂದುಕೊಂಡೆ.

ಗೇಮಿನ ಕತೆ ಸರಳ. ಮಂಜು ಮುಸುಕಿದ ಸಮುದ್ರ, ಅದರಲ್ಲಿ ಏಳು ದ್ವೀಪ, ಕೊನೆಯ ದ್ವೀಪದಲ್ಲಿ ಸೆರೆಯಾಗಿರುವ ಒಬ್ಬ ರಾಣಿ. ದೋಣಿಯಲ್ಲಿ ಹೊರಟ ಒಬ್ಬ ತರುಣ ಅವಳನ್ನು ಬಿಡಿಸಬೇಕು. ನನ್ನ ಕೈಯಲ್ಲಿರುವ ರಿಮೋಟು ಒಮ್ಮೆ ಅವನ ಕತ್ತಿ, ಒಮ್ಮೆ ಹುಟ್ಟು, ಗುಹೆಯೊಳಗೆ ಹೋದರೆ ಪಂಜು. ಜೊತೆಗೆ ದಾರಿ ಹೇಳಲು ಮಾತಾಡುವ ಒಂದು ಆಮೆ.

ಮೊದಲ ದಿನ ಪ್ರಾಮಾಣಿಕವಾಗಿ ಆಡಿದೆ. ಪಂಚೆ ಎತ್ತಿ ಕಟ್ಟಿದೆ, ಟೀಪಾಯಿಯನ್ನು ಪಕ್ಕಕ್ಕೆ ಸರಿಸಿದೆ, ಹಾಲಿನ ನಡುವೆ ನಿಂತೆ. ಒಂದು ಎಲುಬುಗೂಡು ಎದುರಿಗೆ ಬಂತು. ಬಲಗೈಯನ್ನು ಮೇಲೆತ್ತಿ ಬೀಸಲು ಹೋದೆ. ಭುಜದಲ್ಲಿ ಸಿಡಿಲು ಹೊಡೆಯಿತು. ನಾನು ಕೂಗಿದ ಕೂಗಿಗೆ ವರಲಕ್ಷ್ಮಿ ಸೌಟು ಹಿಡಿದುಕೊಂಡೇ ಓಡಿಬಂದಳು.

“ಏನಾಯ್ತ್ರೀ? ಯಾರು ಹೊಡೆದ್ರು?”

“ಅವನು” ಎಂದು ಟಿವಿ ತೋರಿಸಿದೆ. ಎಲುಬುಗೂಡು ಹಲ್ಲು ಕಿರಿಯಿತು. ವರಲಕ್ಷ್ಮಿ ಅದನ್ನೊಮ್ಮೆ ನನ್ನನ್ನೊಮ್ಮೆ ನೋಡಿ ಸಾರು ಉಕ್ಕುತ್ತದೆಂದು ಒಳಗೆ ಹೋದಳು.

ಸೋಫಾದ ಮೇಲೆ ಕುಸಿದು ಕೂತೆ. ಕೈ ತೊಡೆಯ ಮೇಲೆ ಬಿದ್ದಿತ್ತು. ಎಲುಬುಗೂಡು ಹತ್ತಿರ ಬರುತ್ತಿತ್ತು. ಸಿಟ್ಟಿಗೆ ಮಣಿಕಟ್ಟನ್ನು ಸುಮ್ಮನೆ ಒಂದು ಸಲ ಕೊಡವಿದೆ. ಅಷ್ಟೇ! ಟಿವಿಯಲ್ಲಿದ್ದ ತರುಣ ಮೈಯೆಲ್ಲ ತಿರುಗಿಸಿ, ತೋಳನ್ನು ಆಕಾಶಕ್ಕೆತ್ತಿ, ಕತ್ತಿ ಬೀಸಿ ಎಲುಬುಗೂಡನ್ನು ಎರಡು ಹೋಳು ಮಾಡಿದ. ನಾನು ಕೊಡವಿದ್ದು ಒಂದಿಂಚು, ಅವನು ಬೀಸಿದ್ದು ಒಂದು ಮಾರು!

ಆ ಗಳಿಗೆಯಿಂದ ನಾನು ಎದ್ದು ನಿಂತು ಆಡಲಿಲ್ಲ.

ಆ ಗೇಮನ್ನು ನಾನು ಆಡಿದಷ್ಟು ಶೆಟ್ಟಿಹಳ್ಳಿಯಲ್ಲಿ ಬೇರೆ ಯಾರೂ ಆಡಿರಲಾರರು. ಆದ್ದರಿಂದ ಅದರ ಗುಣದೋಷಗಳನ್ನು ಹೇಳುವ ಅಧಿಕಾರ ನನಗಿದೆ. ಗುಣ ದೊಡ್ಡದು. ಕಂಡಕಂಡಂತೆ ಬೀಸಿದರೆ ನಡೆಯುವುದಿಲ್ಲ. ಶತ್ರು ಗುರಾಣಿಯನ್ನು ಎಡಕ್ಕೆ ಹಿಡಿದರೆ ಬಲದಿಂದ ಹೊಡೆಯಬೇಕು, ತಲೆಯ ಮೇಲೆ ಹಿಡಿದರೆ ಅಡ್ಡ ಸೀಳಬೇಕು. ಬುದ್ಧಿಗೆ ಕೆಲಸ. ದೋಣಿಗೆ ಹುಟ್ಟು ಹಾಕುವಾಗ ರಿಮೋಟನ್ನು ಓರೆ ಮಾಡಿದರೆ ದೋಣಿ ನಿಜವಾಗಿಯೂ ವಾಲುತ್ತದೆ. ಜೊತೆಗೆ ನಾನೂ ಸೋಫಾದ ಮೇಲೆ ವಾಲುತ್ತಿದ್ದೆ. ಸಮುದ್ರದ ಮೇಲೆ ಮಂಜು ಸರಿದು ದ್ವೀಪ ಕಾಣಿಸುವುದು ಎಷ್ಟು ಚೆನ್ನಾಗಿತ್ತೆಂದರೆ, ಅಂಗಡಿಯಲ್ಲಿ ಗಿರಾಕಿಗೆ ನೀಲಿ ಬಣ್ಣದ ಬಾತ್‌ರೂಮ್ ಟೈಲ್ಸ್ ತೋರಿಸುವಾಗಲೂ ನನಗೆ ಅದೇ ಕಣ್ಣ ಮುಂದೆ ಬರುತ್ತಿತ್ತು.

ದೋಷಗಳೂ ಇದ್ದವು. ಆಮೆ ಹೇಳಿದ್ದನ್ನೇ ಹೇಳುತ್ತಿತ್ತು. ಬಾಗಿಲು ಎದುರಿಗೇ ಇದ್ದರೂ “ಎದುರಿಗೆ ಬಾಗಿಲು ಇದೆ” ಎನ್ನುವುದು. ಸ್ವಲ್ಪ ಹೊತ್ತು ಆಡಿದರೆ ರಿಮೋಟಿಗೆ ದಿಕ್ಕು ತಪ್ಪುತ್ತಿತ್ತು. ನಾನು ನೇರ ಹಿಡಿದರೆ ಅವನು ಕತ್ತಿಯನ್ನು ಕಂಕುಳಿಗೆ ಇಟ್ಟುಕೊಳ್ಳುತ್ತಿದ್ದ. ಆಗ ಯುದ್ಧ ನಿಲ್ಲಿಸಿ, ರಿಮೋಟನ್ನು ಟೀಪಾಯಿಯ ಮೇಲೆ ಅಂಗಾತ ಮಲಗಿಸಿ, ಅದಕ್ಕೆ ಬುದ್ಧಿ ಬರುವವರೆಗೆ ಕಾಯಬೇಕು.

ಎಲ್ಲಕ್ಕಿಂತ ದೊಡ್ಡ ದೋಷ ಸಂಜೆ ಹೊತ್ತು ಕಾಣಿಸಿಕೊಂಡಿತು. ನಮ್ಮ ಮನೆಯಲ್ಲಿ ಟಿವಿಯ ಪಕ್ಕದಲ್ಲೇ ದೇವರ ಗೂಡು. ವರಲಕ್ಷ್ಮಿ ದೀಪ ಹಚ್ಚಿದ ಕೂಡಲೇ ರಿಮೋಟಿಗೆ ಮಂಕು ಕವಿಯುತ್ತಿತ್ತು. ಕಿಶೋರನಿಗೆ ಫೋನ್ ಮಾಡಿದೆ. ಟಿವಿ ಕೆಳಗಿನ ಪಟ್ಟಿಯಿಂದ ಕಣ್ಣಿಗೆ ಕಾಣದ ಬೆಳಕು ಬರುತ್ತದೆ, ರಿಮೋಟು ಅದನ್ನು ನೋಡಿಕೊಂಡು ದಿಕ್ಕು ತಿಳಿಯುತ್ತದೆ, ಪಕ್ಕದಲ್ಲಿ ದೀಪ ಉರಿದರೆ ಗೊಂದಲ ಎಂದ. ಅಂದರೆ ನನ್ನ ನಾಯಕ ಶತ್ರುವನ್ನು ಬಿಟ್ಟು ವೆಂಕಟರಮಣಸ್ವಾಮಿಯ ಕಡೆ ಗುರಿಯಿಡುತ್ತಿದ್ದ!

“ವರೂ, ದೀಪ ಸ್ವಲ್ಪ ಆರಿಸ್ತೀಯಾ?” ಎಂದೆ.

“ಏನಂದ್ರಿ?”

ಅವಳು ಕೇಳಿದ ರೀತಿಗೆ ಮಾತು ಹಿಂದಕ್ಕೆ ತೆಗೆದುಕೊಂಡೆ. ಆಮೇಲೆ ಅವಳು ಸೊಪ್ಪು ತರಲು ಹೋದಾಗ ಊಟದ ದೊಡ್ಡ ತಟ್ಟೆಯೊಂದನ್ನು ತಂದು ಗೂಡಿನ ಮುಂದೆ ನಿಲ್ಲಿಸಿದೆ. ಗುರಿ ಸರಿಹೋಯಿತು. ಅವಳು ತಿರುಗಿ ಬಂದು ನೋಡಿ, “ದೇವ್ರಿಗೇ ಗ್ರಹಣ ಹಿಡಿಸಿದ್ರಲ್ರೀ! ಇದೇನ್ ಭುಜಕ್ಕೆ ಔಷಧಾನೋ, ತಲೆಗೆ ಹತ್ತಿರೋ ಕಾಯಿಲೇನೋ?” ಎಂದಳು. ಮಾರನೆಯ ದಿನದಿಂದ ಸಂಧ್ಯಾಕಾಲದಲ್ಲಿ ಯುದ್ಧವಿರಾಮ ಘೋಷಿಸಲಾಯಿತು.

ಡಾಕ್ಟರಮ್ಮ ಒಂದು ದಿನ ಫೋನ್ ಮಾಡಿದರು. “ಏನ್ ಸಾರ್, ಬರ್ಲೇ ಇಲ್ಲ?”

“ಬೇರೆ ಟ್ರೀಟ್‌ಮೆಂಟ್ ನಡೀತಿದೆ ಮೇಡಂ.”

“ಆಯುರ್ವೇದಾನಾ?”

“ಕತ್ತಿವರಸೆ.”

“ಹುಷಾರು ಸಾರ್” ಎಂದು ಫೋನ್ ಇಟ್ಟರು.

ಕೈ ಎಷ್ಟು ಏಳುತ್ತಿದೆ ಎಂದು ನಾನು ಪರೀಕ್ಷಿಸಿ ನೋಡಲೇ ಇಲ್ಲ. ನೋಡುವ ಅಗತ್ಯ ಕಾಣಲಿಲ್ಲ. ದಿನವೂ ಕಣ್ಣೆದುರಿಗೇ ಕೈ ಆಕಾಶಕ್ಕೆ ಏಳುತ್ತಿತ್ತಲ್ಲ! ತಲೆ ಬಾಚುವಾಗ ಮಾತ್ರ ಬಾಚಣಿಗೆಯನ್ನು ತಲೆಗೆ ಒಯ್ಯುವ ಬದಲು ತಲೆಯನ್ನೇ ಬಾಚಣಿಗೆಯ ಹತ್ತಿರ ಬಗ್ಗಿಸುತ್ತಿದ್ದೆ. ವರಲಕ್ಷ್ಮಿ ಅಟ್ಟದ ಮೇಲಿಂದ ಹಪ್ಪಳದ ಡಬ್ಬಿ ತೆಗೆದುಕೊಡಿ ಎಂದರೆ ಅಂಗಡಿಗೆ ಹೊತ್ತಾಯಿತು ಎನ್ನುತ್ತಿದ್ದೆ. ಅವಳು ಸ್ಟೂಲು ಹಾಕಿಕೊಂಡು ತಾನೇ ತೆಗೆದುಕೊಳ್ಳುತ್ತಿದ್ದಳು.

ಮದುವೆ ಹತ್ತಿರ ಬಂತು. ಜಯಕ್ಕ ಲಗ್ನಪತ್ರಿಕೆ ಕೊಡಲು ಬಂದಳು. ಬಂದವಳೇ, “ಕೈ ಎಂಗಿದ್ಯೋ?” ಎಂದಳು.

“ಕೂತ್ಕೋ ಅಕ್ಕ, ತೋರಿಸ್ತೀನಿ” ಎಂದು ಟಿವಿ ಹಾಕಿದೆ.

ಆರನೆಯ ದ್ವೀಪದಲ್ಲಿ ಒಬ್ಬ ಕಲ್ಲಿನ ದೈತ್ಯನಿದ್ದ. ಅವತ್ತು ನಾನು ಆಡಿದ ಹಾಗೆ ಹಿಂದೆಂದೂ ಆಡಿರಲಿಲ್ಲ. ಎಡಕ್ಕೆ, ಬಲಕ್ಕೆ, ಓರೆಯಾಗಿ, ಕೊನೆಗೆ ಮೇಲಿಂದ ಒಂದೇ ಹೊಡೆತ! ದೈತ್ಯ ಪುಡಿಪುಡಿಯಾಗಿ ಸಮುದ್ರಕ್ಕೆ ಬಿದ್ದ. ಜಯಕ್ಕ ಸೆರಗನ್ನು ಬಾಯಿಗೆ ಹಿಡಿದುಕೊಂಡು ನೋಡುತ್ತಿದ್ದಳು.

“ಅಯ್ಯಪ್ಪಾ! ಕೈ ಎಷ್ಟ್ ಚೆನ್ನಾಗ್ ಆಡ್ತೈತೋ! ಇಂಗ್ ಕತ್ತಿ ಬೀಸೋನಿಗೆ ಒಂದ್ ಬಟ್ಟೆ ಇಡಿಯೋದು ಯಾವ್ ಲೆಕ್ಕ? ಸೀನಂಗೆ ಬ್ಯಾಡ ಅಂತೀನಿ.”

ಅವಳು ನೋಡಿದ್ದು ಟಿವಿಯನ್ನು. ನಾನು ನೋಡಿದ್ದೂ ಟಿವಿಯನ್ನೇ. ನನ್ನ ಕೈಯನ್ನು ನೋಡಿದವಳು ವರಲಕ್ಷ್ಮಿ ಒಬ್ಬಳೇ. ಜಯಕ್ಕ ಹೋದ ಮೇಲೆ, “ರೀ, ಇದು ಆ ಹುಡುಗಿ ಮದ್ವೆ. ನಿಮ್ ಆಟ ಅಲ್ಲ. ಇವತ್ತೇ ಫೋನ್ ಮಾಡಿ ಆಗಲ್ಲ ಅಂದ್ಬಿಡಿ” ಎಂದಳು. ಒಂದು ಕ್ಷಣ ಫೋನಿನ ಕಡೆ ನೋಡಿದ್ದೂ ಉಂಟು. ಆಲ್ಬಮ್ಮಿನಲ್ಲಿ ಸೀನನ ಹಲ್ಲು ಕಣ್ಣ ಮುಂದೆ ಬಂತು. ಮಾಡಲಿಲ್ಲ.

ಮದುವೆಯ ದಿನ ಛತ್ರ ತುಂಬಿತ್ತು. ರೇಷ್ಮೆ ಪಂಚೆ ಉಟ್ಟು ಮಂಟಪ ಹತ್ತಿದೆ. ಇನ್ನೊಂದು ತುದಿ ಹಿಡಿಯಲು ಗಂಡಿನ ಸೋದರಮಾವ ಬಂದರು. ದೊಡ್ಡಬಳ್ಳಾಪುರದವರು. ಆರಡಿಗೂ ಮೇಲಿದ್ದರು! ನಗುನಗುತ್ತಾ ತಮ್ಮ ತುದಿಯನ್ನು ಎತ್ತಿದರು. ಬಟ್ಟೆಯ ಆ ತುದಿ ಮಂಟಪದ ಹೂವಿನ ಹತ್ತಿರ ಹೋಯಿತು. ನನ್ನ ತುದಿ ನನ್ನ ಎದೆಯ ಹತ್ತಿರ ಉಳಿಯಿತು.

ಉಪಾಯವಾಗಿ ಎಡಗೈಗೆ ಬದಲಾಯಿಸಿಕೊಂಡೆ. ತಕ್ಷಣ ವಿಡಿಯೋದವನು ಕೂಗಿದ: “ಅಂಕಲ್, ಹುಡುಗಿಗೆ ಅಡ್ಡ ಬರ್ತಿದೀರ! ಆ ಕಡೆ ನಿಂತು ಬಲಗೈಯಲ್ಲಿ ಹಿಡೀರಿ!” ಸಾವಿರ ಕಣ್ಣು ನನ್ನ ಕಡೆ ತಿರುಗಿದವು. ಆ ಕಡೆ ನಿಂತೆ. ಬಲಗೈಯಲ್ಲಿ ಹಿಡಿದೆ.

ಪುರೋಹಿತರು ಮೈಕಿನಲ್ಲಿ ಮಂಗಳಾಷ್ಟಕ ಶುರು ಮಾಡಿದರು. ಮುಹೂರ್ತಕ್ಕೆ ಇನ್ನೂ ಸಮಯವಿತ್ತು, ಆದ್ದರಿಂದ ರಾಗವಾಗಿ ಎಳೆಯುತ್ತಿದ್ದರು. ಒಂದೊಂದು ಶ್ಲೋಕದ ಕೊನೆಗೂ ‘ಸಾವಧಾನ’ ಎನ್ನುತ್ತಿದ್ದರು. ಎಚ್ಚರಿಕೆ ಎಂದರ್ಥ. ನನಗೆ ಆಮೆಯ ನೆನಪಾಯಿತು.

ಕೈ ಜಾರತೊಡಗಿತು. ನನ್ನ ಕಡೆಯಿಂದ ಬಟ್ಟೆ ಇಳಿಯುತ್ತಾ ಬಂತು. ಮೊದಲು ಗಂಡಿನ ಪೇಟ ಕಾಣಿಸಿತು, ಆಮೇಲೆ ಹುಬ್ಬು, ಆಮೇಲೆ ಕಣ್ಣು, ಮೀಸೆ. ಬಾಸಿಂಗದ ಕೆಳಗಿಂದ ಮಮತ ಮೇಲೆ ನೋಡಿದಳು. ಅವನು ಇವಳನ್ನು ನೋಡಿದ. ಇಬ್ಬರೂ ಕಿಸಕ್ಕನೆ ನಕ್ಕರು. ಪುರೋಹಿತರು ಶ್ಲೋಕದ ರಾಗದಲ್ಲೇ, “ಸ್ವಲ್ಪ ಮೇಲೆ… ಸ್ವಲ್ಪ ಮೇಲೆತ್ತಿ ಸ್ವಾಮೀ… ಸಾವಧಾನ” ಎಂದರು. ಸಭೆ ಅದನ್ನೂ ಮಂತ್ರವೆಂದೇ ಕೇಳಿಸಿಕೊಂಡಿತು.

ಬೆವರು ಹಣೆಯಿಂದ ಮೂಗಿಗೆ ಇಳಿಯಿತು. ಮಂಟಪದ ಕೆಳಗೆ ಜಯಕ್ಕ ಕಣ್ಣು ಕೆಕ್ಕರಿಸಿದಳು. ಆಗ ನಾನೊಂದು ಕೆಲಸ ಮಾಡಿದೆ. ಯೋಚಿಸಿ ಮಾಡಿದ್ದಲ್ಲ, ತಿಂಗಳುಗಟ್ಟಲೆ ರೂಢಿಯಾದದ್ದು.

ಮಣಿಕಟ್ಟನ್ನು ಕೊಡವಿದೆ!

ಟಿವಿಯಲ್ಲಾಗಿದ್ದರೆ ತೋಳು ಆಕಾಶಕ್ಕೆ ಏಳುತ್ತಿತ್ತು. ಯಲಹಂಕದ ಛತ್ರದಲ್ಲಿ ಏಳಲಿಲ್ಲ. ಬಟ್ಟೆ ಬೆರಳುಗಳಿಂದ ಜಾರಿತು. ಅದೇ ಗಳಿಗೆಯಲ್ಲಿ ದೊಡ್ಡಬಳ್ಳಾಪುರದವರು ನನಗೆ ಸಹಾಯವಾಗಲೆಂದು ತಮ್ಮ ತುದಿಯನ್ನು ಮೇಲಕ್ಕೆ ಜಗ್ಗಿದರು. ಅಂತರಪಟ ಗಾಳಿಯಲ್ಲಿ ಒಂದು ಸುತ್ತು ಹಾಕಿ ಪುರೋಹಿತರ ತಲೆಯ ಮೇಲೆ ಇಳಿಯಿತು.

ಓಲಗದವರ ಕಣ್ಣು ಯಾವಾಗಲೂ ಬಟ್ಟೆಯ ಮೇಲೇ. ಬಟ್ಟೆ ಹೋಯಿತು, ಗಟ್ಟಿಮೇಳ ಎದ್ದಿತು! ಗಟ್ಟಿಮೇಳ ಕೇಳಿದ ಕೂಡಲೇ ನೆಂಟರೆಲ್ಲ ಎದ್ದು ಅಕ್ಷತೆ ಎರಚಿದರು. ಅಕ್ಷತೆ ಬಿದ್ದದ್ದು ಕಂಡು ಗಂಡು ಕೈಯಲ್ಲಿದ್ದ ಜೀರಿಗೆ ಬೆಲ್ಲವನ್ನು ಮಮತಳ ತಲೆಯ ಮೇಲಿಟ್ಟ. ಅವಳೂ ಹಿಮ್ಮಡಿಯೆತ್ತಿ ಅವನ ತಲೆಯ ಮೇಲಿಟ್ಟಳು. ಬಟ್ಟೆಯ ಒಳಗಿಂದ ಪುರೋಹಿತರು, “ಇಲ್ಲ! ಇಲ್ಲ! ಇನ್ನೂ ಇಲ್ಲ!” ಎಂದು ಮೈಕಿನಲ್ಲಿ ಕೂಗುತ್ತಿದ್ದರು. ಜನ ಇನ್ನಷ್ಟು ಉತ್ಸಾಹದಿಂದ ಎರಚಿದರು.

ಕೊನೆಗೆ ಓಲಗ ನಿಂತಿತು. ಗಂಡಿನ ಕಡೆಯ ಒಬ್ಬ ಮುದುಕಿ, “ಮೂರ್ತಕ್ಕೆ ಮುಂಚೇನೇ ಆಗೋಯ್ತಲ್ಲ, ಶಕುನ ನೆಟ್ಟಗಿಲ್ಲ ಕಣವ್ವ” ಎಂದಳು. ಅವಳ ಸುತ್ತ ನಾಲ್ಕು ತಲೆಗಳು ಅಲ್ಲಾಡಿದವು. ಜಯಕ್ಕನ ಗಂಡ, ನಮ್ಮ ಭಾವನ ಮುಖ ಬಿಳಚಿಕೊಂಡಿತು. ಮಮತ ನಗುವುದನ್ನು ನಿಲ್ಲಿಸಿದ್ದಳು. ನನಗೆ ಆಗ ಮೊದಲ ಸಲ ನಿಜವಾದ ಹೆದರಿಕೆಯಾಯಿತು. ಭುಜದ ನೋವು ಮರೆತೇಹೋಯಿತು.

ಕಾಪಾಡಿದವರು ಪುರೋಹಿತರು. ತಲೆಯ ಮೇಲಿದ್ದ ಬಟ್ಟೆ ತೆಗೆದು, ಮಡಿಸಿ, ಗಡಿಯಾರ ನೋಡಿದರು. “ತಾಳಿ ಕಟ್ಟಿಲ್ಲ, ಧಾರೆ ಎರೆದಿಲ್ಲ. ಏನೂ ಆಗಿಲ್ಲ. ಮುಹೂರ್ತ ಇನ್ನೂ ಮುಂದೆ ಇದೆ. ಎಲ್ಲರೂ ಕೂತ್ಕೊಳ್ಳಿ, ಮತ್ತೆ ಶುರು ಮಾಡೋಣ” ಎಂದರು. ಆಮೇಲೆ ನನ್ನ ಕಡೆ ತಿರುಗಿ, ಮೈಕನ್ನು ದೂರ ಹಿಡಿದು, “ನೀವು ಕೆಳಗೆ ಇಳೀರಿ ಸ್ವಾಮೀ” ಎಂದರು.

ಎರಡನೆಯ ಸಲಕ್ಕೆ ಯಾರ ಕೈಯಲ್ಲೂ ಅಕ್ಷತೆ ಇರಲಿಲ್ಲ. ಅಡುಗೆಯವರ ಅಕ್ಕಿಗೆ ಆತುರದಲ್ಲಿ ಅರಿಶಿನ ನೀರು ಕಲಸಿ ಹಂಚಿದರು. ಅದು ಮುದ್ದೆಮುದ್ದೆಯಾಗಿ ಹಾರಿತು. ಅಂತರಪಟವನ್ನು ಸೀನ ಹಿಡಿದ. ಚೆನ್ನಾಗಿಯೇ ಹಿಡಿದ. ಹಲ್ಲು ಬಿಟ್ಟುಕೊಂಡು ಹಿಡಿದ.

ನನಗೆ ಕೈ ಎತ್ತಬೇಕಾಗಿಲ್ಲದ ಕೆಲಸವೊಂದನ್ನು ಕೊಟ್ಟರು. ಬಾಗಿಲಲ್ಲಿ ಕೂತು ಹೋಗುವವರಿಗೆ ತೆಂಗಿನಕಾಯಿಯ ಚೀಲ ಕೊಡುವುದು. ಪ್ರತಿಯೊಬ್ಬರೂ ಚೀಲ ಇಸಿದುಕೊಂಡು ಏನಾದರೊಂದು ಹೇಳಿಯೇ ಹೋಗುತ್ತಿದ್ದರು. “ಒಂದೇ ಬಸ್ ಚಾರ್ಜಿಗೆ ಎರಡು ಮದ್ವೆ ನೋಡ್ದಂಗಾಯ್ತು ಬಿಡಿ ಮುನಿರಾಜಣ್ಣ” ಎಂದವರು ಒಬ್ಬರಲ್ಲ.

ಜಯಕ್ಕ ಬಂದು ಎದುರಿಗೆ ನಿಂತಳು. ಬಯ್ಯುತ್ತಾಳೆಂದುಕೊಂಡೆ. ಬಯ್ಯಲಿಲ್ಲ. ನಿಜವಾಗಿಯೂ ಅರ್ಥವಾಗದವಳ ಹಾಗೆ ಕೇಳಿದಳು.

“ಅವತ್ತು ನಾನೇ ಕಣ್ಣಾರೆ ನೋಡಿದ್ನಲ್ಲೋ, ಅಷ್ಟುದ್ದ ಕೈ ಎತ್ತಿ ಒಡೆದ್ಯಲ್ಲ?”

“ಅದು ಅವನು ಅಕ್ಕ” ಎಂದೆ.

ಅವನು ಯಾರು ಎಂದು ಜಯಕ್ಕ ಕೇಳಲಿಲ್ಲ. ಒಳಗೆ ಹೋದಳು. ಆಮೇಲೆ ಮಮತ ಗಂಡನ ಜೊತೆ ನಮಸ್ಕಾರಕ್ಕೆ ಬಂದಳು. ತಲೆಯಲ್ಲಿ ಇನ್ನೂ ಬೆಲ್ಲದ ಚೂರು ಅಂಟಿತ್ತು. “ಬೇಜಾರ್ ಮಾಡ್ಕೋಬೇಡಿ ಮಾವ. ನಾವಿಬ್ರೂ ಮೊದಲ್ನೇ ಸಲ ಒಟ್ಟಿಗೆ ನಕ್ಕಿದ್ದು ಅಲ್ಲೇ” ಎಂದಳು. ಆಶೀರ್ವಾದ ಮಾಡಲು ಕೈ ಎತ್ತಿದೆ. ಎಡಗೈ. ಅದೂ ಸರಿಯಲ್ಲವೆಂದು ಇಳಿಸಿದೆ. ಕೊನೆಗೆ ಅವರೇ ನನ್ನ ಬಲಗೈಯ ಮಟ್ಟಕ್ಕೆ ತಲೆ ಬಗ್ಗಿಸಿದರು.

ಮುಂದಿನ ಭಾನುವಾರ ಕಿಶೋರ ಗೇಮನ್ನು ವಾಪಸು ಒಯ್ಯಲು ಬಂದ. “ಹೇಗಿತ್ತು ಭಾವ ಗೇಮು?” ಎಂದ. ಪಕ್ಷಪಾತವಿಲ್ಲದೆ ಹೇಳಿದೆ: “ಕತೆ ಚೆನ್ನಾಗಿದೆ, ಸಮುದ್ರ ತುಂಬಾ ಚೆನ್ನಾಗಿದೆ, ಆಮೆ ಜಾಸ್ತಿ ಮಾತಾಡತ್ತೆ. ವ್ಯಾಯಾಮಕ್ಕಂತೂ ಇದಕ್ಕೆ ಸಮ ಇಲ್ಲ. ಆದ್ರೆ ಮಾಡೋನು ಅವನು.” ವರಲಕ್ಷ್ಮಿ ಪೆಟ್ಟಿಗೆಯನ್ನು ಆಗಲೇ ಕಟ್ಟಿಟ್ಟಿದ್ದಳು. ದೇವರ ಗೂಡಿನಲ್ಲಿ ದೀಪ ನೆಮ್ಮದಿಯಾಗಿ ಉರಿಯುತ್ತಿತ್ತು.

ಸೋಮವಾರ ಬೆಳಿಗ್ಗೆ ಜಾಲಹಳ್ಳಿ ಕ್ರಾಸಿಗೆ ಹೋದೆ. ಡಾಕ್ಟರಮ್ಮ ಕನ್ನಡಕ ಸರಿಪಡಿಸಿಕೊಂಡರು.

“ಕೈ ಎತ್ತಿ ಸಾರ್.”

ಎತ್ತಿದೆ. ಭುಜದ ಮಟ್ಟಕ್ಕೆ ಬಂದು ನಿಂತುಕೊಂಡಿತು.

“ಮೊದಲು ಬಂದಾಗ್ಲೂ ಇಷ್ಟೇ ಇತ್ತಲ್ವಾ? ಇಷ್ಟು ತಿಂಗಳು ಏನ್ ಮಾಡ್ತಿದ್ರಿ?”

ನೆನಪು ಮಾಡಿಕೊಂಡೆ. ಏಳು ದ್ವೀಪಗಳನ್ನು ದಾಟಿದ್ದೆ. ಲೆಕ್ಕವಿಲ್ಲದಷ್ಟು ಎಲುಬುಗೂಡುಗಳನ್ನು ಸೀಳಿದ್ದೆ. ಕಲ್ಲಿನ ದೈತ್ಯನನ್ನು ಸಮುದ್ರಕ್ಕೆ ಕೆಡವಿದ್ದೆ. ರಾಣಿಯನ್ನು ಸೆರೆಯಿಂದ ಬಿಡಿಸಿದ್ದೆ. ಒಂದು ಹುಡುಗಿಗೆ ಒಂದೇ ಗಂಡಿನ ಜೊತೆ ಎರಡು ಸಲ ಮದುವೆ ಮಾಡಿಸಿದ್ದೆ.

“ಏನಿಲ್ಲ ಡಾಕ್ಟ್ರೇ” ಎಂದೆ. “ಸುಮ್ನೆ ಮನೇಲಿದ್ದೆ.”